ಅಕ್ಕ ಬರೆದ ಅಳತೆ

ನನ್ನ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗಿದೆ. ಹುಟ್ಟಿದ್ದೇ ಹಾಗೆ. ಅಮ್ಮ ತೀರಿಕೊಂಡ ಮೇಲೆ ಇದು ಅಕ್ಕನಿಗೂ ನನಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಅಕ್ಕ ದರ್ಜಿ. ನನ್ನ ಅಂಗಿಯ ಎಡಭುಜವನ್ನು ಅಷ್ಟೇ ಇಳಿಸಿ ಕತ್ತರಿಸುತ್ತಾಳೆ. ಬಟ್ಟೆ ಸುಕ್ಕಿಲ್ಲದೆ ಕೂರುತ್ತದೆ, ಓರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ಕೈ ಅವಳದು. ಎದುರಿಗೆ ಹೊಗಳಿದರೆ ಸಿಡುಕುತ್ತಾಳೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ವಿದ್ಯೆಯನ್ನೆಲ್ಲ ಅವಳು ಪುಸ್ತಕ ಮಾಡಿದಳು. ಪ್ರಕಾಶಕರ ಬಾಗಿಲು ಕಾಯಲಿಲ್ಲ. ಅಂಗಿ ಕತ್ತರಿಸುವ ಇಪ್ಪತ್ತೆರಡು ನಕ್ಷೆ ತಾನೇ ಬರೆದು, ತಾನೇ ಅಚ್ಚು ಹಾಕಿಸಿದಳು. ಹಕ್ಕಿನ ನೋಂದಣಿ ಗೀಂದಣಿ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಮೂಲ ನಕ್ಷೆಗಳನ್ನು ಹೊಲಿಗೆ ಕಲಿಯಲು ಬಂದವರಿಗೆ ಮಾದರಿಗೆಂದು ಕತ್ತರಿಸಿ ಹಂಚಿಬಿಟ್ಟಳು. ಅಂಗಿ ಸ್ವಲ್ಪ ಓರೆ ಬಂದರೆ ಅವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರು. ಅಷ್ಟು ಗೌರವ ಅವಳ ಮೇಲೆ.

ನಾನು ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳಿಗೆ ಮುದ್ರೆ ಒತ್ತುವವಳು. ಒಂದು ಬೆಳಿಗ್ಗೆ ಎತ್ತಿದ ಕೈ ಹಾಗೇ ನಿಂತಿತು. ಅಕ್ಕನ ವಾಕ್ಯಗಳು, ಅಕ್ಕನ ನಕ್ಷೆಗಳು, ರಟ್ಟಿನ ಮೇಲೆ ಯಾವನದೋ ಹೆಸರು. ಒಳಗೆ ಹಾಕಿದ ಸುಳ್ಳು ಇಸವಿ ನಮ್ಮದಕ್ಕಿಂತ ಎರಡು ವರ್ಷ ಹಿಂದಿನದು. ಕೈ ಕೆಸರು ಅಕ್ಕನದು, ಬಾಯಿ ಮೊಸರು ಈ ಮಹಾನುಭಾವನದು! ಮೈಯೆಲ್ಲ ಉರಿದುಹೋಯಿತು.

ಅಕ್ಕನನ್ನು ಕರೆದುಕೊಂಡು ವಕೀಲರ ಹತ್ತಿರ ಹೋದೆ. ವಕೀಲರಮ್ಮ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡರು. "ಬರೆದ ದಿನವೇ ಹಕ್ಕು ನಿಮ್ಮದಾಯ್ತು, ನೋಂದಣಿ ಇಲ್ಲ ಅಂತ ಅದು ಹೋಗಲ್ಲ. ಆದ್ರೆ ಮೊದಲು ಬರೆದದ್ದು ನೀವೇ ಅಂತ ತೋರಿಸಬೇಕು." ಆಮೇಲೆ ಹುಬ್ಬೇರಿಸಿದರು. "ಭುಜದ ಇಳಿಜಾರು ಬಲಕ್ಕೆ ಎರಡಿಂಚು, ಎಡಕ್ಕೆ ಎರಡೂವರೆ. ಎಲ್ಲಾ ನಕ್ಷೇಲೂ, ಎರಡೂ ಪುಸ್ತಕದಲ್ಲೂ. ಇದು ಯಾರ ಅಳತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದವನು ಅವನು, ಮುಟ್ಟಿಕೊಂಡವಳು ನಾನು.

"ಕೈತಪ್ಪು ಮೇಡಂ," ಎಂದಳು ಅಕ್ಕ ತಟ್ಟನೆ.

"ಇಪ್ಪತ್ತೆರಡು ಸಲ ಒಂದೇ ತಪ್ಪಾ?"

"ಹೂಂ. ಆ ಮಾತು ಬಿಡಿ."

ಮೆಟ್ಟಿಲಿಳಿಯುವಾಗ ನಾನು, "ನನ್ನ ಭುಜ ತೋರಿಸಿದ್ರೆ ಮುಗೀತಲ್ಲಕ್ಕ," ಎಂದೆ.

"ಬಾಯ್ಮುಚ್ಚು. ಈ ಪುಸ್ತಕ ಹೋದ್ರೆ ಇನ್ನೊಂದು ಬರೀತೀನಿ. ನಾಲ್ಕು ಜನರೆದುರು ನಿನ್ನ ನಿಲ್ಲಿಸಲ್ಲ."

ಹತ್ತು ವರ್ಷ ದಿನಾ ಹೊಲಿಗೆ ಮುಗಿಸಿ ಕೂತು ಬರೆದ ಪುಸ್ತಕ ಅದು. ನಿಜ ಹೇಳುತ್ತೇನೆ, ಅವಳ ಮಾತು ಕೇಳಿ ನನಗೆ ಮೊದಲು ಆದದ್ದು ನಿರಾಳ. ನಾಚಿಕೆ ಆಮೇಲೆ ಬಂತು.

ನ್ಯಾಯಾಲಯದಲ್ಲಿ ಅಕ್ಕ ಅದೇ ಪಾಠ ಒಪ್ಪಿಸಿದಳು: ಕೈತಪ್ಪು. ನ್ಯಾಯಾಧೀಶರು ಪುಸ್ತಕ ಕದ್ದ ಆ ಮನುಷ್ಯನ ಕಡೆ ತಿರುಗಿ, "ನಿಮ್ಮ ನಕ್ಷೇಲಿ ಎಡಭುಜ ಯಾಕೆ ಇಳಿದಿದೆ?" ಎಂದು ಕೇಳಿದರು.

ಅವನು ತಡವರಿಸಲೂ ಇಲ್ಲ. "ಎಲ್ಲರ ಭುಜಾನೂ ಹಾಗೇ ಅಲ್ವಾ ಸ್ವಾಮಿ?"

ನಾನು ಎದ್ದು ನಿಂತೆ. "ಇಲ್ಲ ಸ್ವಾಮಿ. ನನ್ನದು ಮಾತ್ರ. ಅಳೆಸಿ ನೋಡಿ."

ಅಕ್ಕ ನನ್ನ ಅಂಗಿಯ ಅಂಚು ಹಿಡಿದು ಜಗ್ಗಿದಳು, ನಾನು ಕೂರಲಿಲ್ಲ. ನ್ಯಾಯಾಲಯದ ಸಿಬ್ಬಂದಿ ಹೆಂಗಸೊಬ್ಬರು ಟೇಪು ಹಿಡಿದು ಜೋರಾಗಿ ಓದಿದರು: ಬಲಕ್ಕೆ ಎರಡು, ಎಡಕ್ಕೆ ಎರಡೂವರೆ. ಆ ಮನುಷ್ಯನ ಪುಸ್ತಕದ ಮಾರಾಟ ನಿಲ್ಲಿಸಲು ಅಲ್ಲೇ ಆದೇಶವಾಯಿತು.

ನ್ಯಾಯಾಧೀಶರು ಕನ್ನಡಕ ತೆಗೆದು ಅಕ್ಕನನ್ನು ಕೇಳಿದರು. "ಅಲ್ಲಮ್ಮಾ, ಅಚ್ಚಿಗೆ ಹೋಗೋ ಮುಂಚೆ ಈ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಅಕ್ಕ ಅಳುತ್ತಿದ್ದಳು. "ನನಗದು ತಪ್ಪು ಅಂತ ಕಾಣಲೇ ಇಲ್ಲ ಸ್ವಾಮಿ. ಎಳೆಗೂಸಾಗಿದ್ದಾಗಿಂದ ಇವಳಿಗೆ ಅಂಗಿ ಹೊಲಿದ ಕೈ ಇದು. ಭುಜ ಬರಿ ಅಂದ್ರೆ ಇವಳದ್ದನ್ನೇ ಬರೆಯುತ್ತೆ."