ಮೊಳೆಗೆ ತೂಗಿದ ಸಿಡಿ

ಸ್ಟುಡಿಯೋದವನು ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಅಂಚಿನ ಸುತ್ತ ಬೆಳಕು ಜರಡಿಯಲ್ಲಿ ಬಂದ ಹಾಗೆ ಈಚೆ ಬಂತು. ಬರಬಾರದಿತ್ತು. ಬೆಳ್ಳಿಯಂಥ ಪದರ ಇರಬೇಕಾದ ಕಡೆ ಬರೀ ಪ್ಲಾಸ್ಟಿಕ್ಕು. ಅಲ್ಲಿನ ಪದರವೆಲ್ಲ ಮೇಲಿನ ಕಾಗದದ ಲೇಬಲ್ಲಿಗೆ ಕಚ್ಚಿಕೊಂಡು, ಒಣಗಿದ ಎಲೆಯ ಹಾಗೆ ಮುರುಟಿ ಎದ್ದಿತ್ತು.

ಕೌಂಟರಿನ ಆಚೆ ಟೈಲರಮ್ಮ ನಿಂತಿದ್ದಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಪಕ್ಕದಲ್ಲಿ ಹತ್ತೊಂಬತ್ತರ ಮಗಳು. ಮಗಳ ಮೊದಲ ಹುಟ್ಟುಹಬ್ಬಕ್ಕೆ ವಿಡಿಯೋ ತೆಗೆದವನು ಇವನೇ. ಮರುವರ್ಷ ಗಂಡ ತೀರಿಕೊಂಡ. ಅವನ ಫೋಟೊ ಮನೆಯಲ್ಲಿ ನಾಲ್ಕಾರಿದ್ದವು, ದನಿ ಇದ್ದದ್ದು ಇದೊಂದರಲ್ಲೇ. ಅಪ್ಪ ಹೇಗೆ ಮಾತಾಡುತ್ತಿದ್ದನೆಂದು ಮಗಳಿಗೆ ಗೊತ್ತಿರಲಿಲ್ಲ.

"ಇಷ್ಟು ವರ್ಷ ಒಂದ್ಸಲನೂ ಹಾಕಿ ನೋಡಿಲ್ವೇನಮ್ಮಾ?"

"ಇಲ್ಲಣ್ಣ. ಹಾಕಿದಷ್ಟೂ ಸವೆಯುತ್ತಲ್ಲ. ಇವಳಿಗೆ ಬುದ್ಧಿ ಬಂದ್ಮೇಲೆ ಹಾಕೋಣ ಅಂತ ಇಟ್ಟಿದ್ದೆ."

ಅವಳದು ಬಟ್ಟೆಯ ಲೆಕ್ಕ. ಎಲ್ಲಿಟ್ಟಿದ್ದೆ ಎಂದು ಕೇಳಿದ್ದಕ್ಕೆ ಹೇಳಿದಳು. ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಳು. ಲೇಬಲ್ಲಿನ ಮೇಲೆ ಗಂಡ ಮಗುವನ್ನೆತ್ತಿಕೊಂಡ ಬಣ್ಣದ ಫೋಟೊ ಇತ್ತು, ನಡುವೆ ಮೊಳೆಗೆಂದೇ ಹೇಳಿಮಾಡಿಸಿದಂಥ ತೂತು. ತಲೆಯೆತ್ತಿದರೆ ಮುಖ ಕಾಣುತ್ತಿತ್ತು. ಕೆಲಸಕ್ಕೆ ಬೆಳಕು ಬೇಕೆಂದು ಕಿಟಕಿಗೆ ಪರದೆ ಹಾಕಿರಲಿಲ್ಲ. ಮಧ್ಯಾಹ್ನದ ಬಿಸಿಲು ನೇರ ಆ ಗೋಡೆಗೇ ಬೀಳುತ್ತಿತ್ತು.

"ಕೈಯಾರೆ ಹಾಳ್ಮಾಡಿದೆ," ಎಂದಳು, ಮಗಳ ಮುಖ ನೋಡದೆ.

ಅವನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬಿಸಿಲಿನ ಮೇಲೆ ಎಷ್ಟು ತಪ್ಪು ಹೊರಿಸಿದರೂ ಅದು ಎದುರಾಡುವುದಿಲ್ಲ. ಆದರೆ ಲೇಬಲ್ಲು ಅವನದು. ಆ ಕಾಲದಲ್ಲಿ ಉಳಿದವರೆಲ್ಲ ಬರಿಯ ಸಿಡಿ ಕೊಡುತ್ತಿದ್ದಾಗ, ಫೋಟೊ ಅಂಟಿಸಿ ಕೊಡುತ್ತಿದ್ದವನು ಇವನೊಬ್ಬನೇ. ಅಂಗಡಿಯ ಬೋರ್ಡಿನಲ್ಲೂ ಹಾಗೆಂದು ಬರೆಸಿದ್ದ. ಗೋಂದು ಒಣಗಿ ಕಾಗದ ಎದ್ದರೆ ಕೆಳಗಿನ ಪದರವನ್ನೂ ಕಿತ್ತುಕೊಂಡೇ ಏಳುತ್ತದೆಂದು ತಿಳಿದದ್ದು ನಾಲ್ಕೈದು ವರ್ಷದ ಮೇಲೆ. ಅಂಟಿಸುವುದನ್ನು ಅಂದೇ ನಿಲ್ಲಿಸಿದ. ಅದಾಗಲೇ ಸಿಡಿ ಒಯ್ದವರ ಮನೆಗಳಿಗೆ ಮಾತ್ರ ಹೋಗಿ ಹೇಳಲಿಲ್ಲ. ಕ್ಯಾಮೆರಾದ ಮೂಲ ಟೇಪಿನ ಮೇಲೆ ಅಷ್ಟರಲ್ಲಿ ಇನ್ಯಾರದೋ ಮದುವೆ ತುಂಬಿಸಿಯಾಗಿತ್ತು.

ಸ್ಟೂಲು ಎಳೆದು ಅವಳನ್ನು ಕೂರಿಸಿದ. "ನಿನ್ನ ತಪ್ಪಲ್ಲಮ್ಮ. ನಾನು ಫೋಟೊ ಅಂಟಿಸದೆ ಇದ್ದಿದ್ರೆ ನೀನು ಗೋಡೆಗೆ ಹಾಕ್ತಿರ್ಲಿಲ್ಲ. ಬಿಸಿಲು ಬಿದ್ದಿದೆ, ನಿಜ. ಕಿತ್ತಿರೋದು ನನ್ನ ಗೋಂದು. ಗೊತ್ತಾದ್ಮೇಲೂ ಬಂದು ಹೇಳ್ಲಿಲ್ಲ ನಾನು."

ಅವಳು ಕೊರಳಿನ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅಳತೆ ತಪ್ಪಿದ್ರೆ ನಾನು ಬಿಚ್ಚಿ ಹೊಲಿದು ಕೊಡ್ತೀನಿ. ನೀವೇನು ಮಾಡ್ತೀರಣ್ಣ?"

ಸಿಡಿಯಲ್ಲಿ ಎಲ್ಲವೂ ನಡುವಿನಿಂದ ಶುರುವಾಗಿ ಅಂಚಿನ ಕಡೆ ಸಾಗುತ್ತದೆ, ಕೆಟ್ಟಿರುವುದು ಅಂಚು, ಮೊದಲಿನ ಸ್ವಲ್ಪ ಉಳಿದಿದ್ದರೂ ಇರಬಹುದು ಎಂದು ಅವನು ಬಿಡಿಸಿ ಹೇಳಿದ. ಲೇಬಲ್ಲು ಕೀಳುವಂತಿರಲಿಲ್ಲ, ಕಿತ್ತರೆ ಇದ್ದದ್ದೂ ಹೋಗುತ್ತಿತ್ತು. ಎದ್ದು ನಿಂತ ಚೂರುಗಳನ್ನಷ್ಟೇ ಕತ್ತರಿಸಬೇಕು. ಅವನು ಕತ್ತರಿ ತೆಗೆಯುತ್ತಲೇ ಟೈಲರಮ್ಮ ಅದನ್ನು ಇಸಕೊಂಡಳು. ಗಂಡನ ಒಂದು ಭುಜ, ಮಗುವಿನ ಟೋಪಿಯ ತುದಿ ಕೌಂಟರಿನ ಮೇಲೆ ಉದುರಿದವು.

ಸಿಡಿಯನ್ನು ಕಂಪ್ಯೂಟರಿನ ಹಳೆಯ ಡ್ರೈವಿಗೆ ಹಾಕಿ, ಎಲ್ಲಕ್ಕಿಂತ ನಿಧಾನದ ವೇಗದಲ್ಲಿ ಓಡಿಸಿದ. ಅದು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಕಾಯುತ್ತ ಕೂತಾಗ, ಸಿಡಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಮಗಳು ಕೇಳಿದ್ದಕ್ಕೆ ಹೇಳುತ್ತ ಹೋದ. ಲೇಬಲ್ಲು ಬೇಡ, ಬಾಲ್‌ಪೆನ್ನೂ ಬೇಡ, ಬರೆಯಲೇಬೇಕಾದರೆ ತೂತಿನ ಸುತ್ತಲಿನ ಗಾಜಿನಂಥ ಬಳೆಯ ಮೇಲೆ ಮೆತ್ತನೆ ಪೆನ್ನಿನಲ್ಲಿ. ಅಂಚು ಬಿಟ್ಟು ಬೇರೆಲ್ಲೂ ಮುಟ್ಟಬಾರದು. ಡಬ್ಬಿಯಲ್ಲಿ ಹಾಕಿ, ತಣ್ಣನೆಯ ಕಪಾಟಿನ ಕತ್ತಲಲ್ಲಿ ನಿಲ್ಲಿಸಿಡಬೇಕು. ಎಷ್ಟು ಜೋಪಾನ ಮಾಡಿದರೂ ಅದಕ್ಕೂ ಒಂದು ಆಯಸ್ಸಿದೆ. ಎರಡು ವರ್ಷಕ್ಕೊಮ್ಮೆ ಹಾಕಿ ನೋಡಿ, ಹೊಸದಕ್ಕೆ ಇಳಿಸುತ್ತಿರಬೇಕು. ಒಂದೇ ಪ್ರತಿಯನ್ನು ನಂಬುವುದೆಂದರೆ ಒಂದೇ ಗುಂಡಿಯ ಅಂಗಿ ತೊಟ್ಟ ಹಾಗೆ.

"ಹಾಗಾದ್ರೆ ಹಾಕಿದ್ರೆ ಸವೆಯಲ್ವಾ?" ಟೈಲರಮ್ಮ ಕೇಳಿದಳು.

"ಇಲ್ಲಮ್ಮ."

ಮಗಳು ಅಮ್ಮನ ಸ್ಟೂಲಿನ ಹತ್ತಿರಕ್ಕೆ ಸರಿದು ನಿಂತಳು.

ಮುಕ್ಕಾಲು ಗಂಟೆಗೆ ನಾಲ್ಕು ನಿಮಿಷದ ಚಿತ್ರ ಕಂಪ್ಯೂಟರಿಗೆ ಇಳಿಯಿತು. ಅಲ್ಲಿಂದ ಮುಂದಕ್ಕೆ ಏನು ಮಾಡಿದರೂ ಬರಲಿಲ್ಲ. ಅದರಲ್ಲಿ ಕೇಕೂ ಇಲ್ಲ, ನೆಂಟರೂ ಇಲ್ಲ. ಕ್ಯಾಮೆರಾ ಸರಿಯಿದೆಯೋ ಎಂದು ಪರೀಕ್ಷೆಗೆ ತೆಗೆದದ್ದು, ಆಗ ಕತ್ತರಿಸಿ ಬಿಸಾಡಲು ಅವನು ಮರೆತದ್ದು. ಕುರ್ಚಿ ಜೋಡಿಸುತ್ತಿದ್ದ ಒಬ್ಬ ತೆಳ್ಳಗಿನ ಮನುಷ್ಯ ತಿರುಗಿ, ಶುರುವಾಯ್ತಾ ಎಂದು ಕೇಳಿದ. ಇನ್ನೂ ಇಲ್ಲ, ಆರಾಮಾಗಿರಿ ಎಂದಿತು ಸ್ಟುಡಿಯೋದವನದೇ ಎಳೆಯ ದನಿ. ಆ ಮನುಷ್ಯ ಮಗುವನ್ನೆತ್ತಿಕೊಂಡು ಕ್ಯಾಮೆರಾದ ತೀರ ಹತ್ತಿರ ಬಂದ. ದನಿ ಅಷ್ಟು ಸಣ್ಣ ಮೈಗೆ ತೀರ ದಪ್ಪವಾಗಿತ್ತು.

"ಪುಟ್ಟೀ, ಆಮೇಲೆ ಇವರು ನಗು ಅಂತಾರೆ. ಒಂದೇ ಹಲ್ಲು ತೋರ್ಸು. ಇನ್ನೊಂದು ನಮಗಿರ್ಲಿ."

ಪರದೆ ಚೌಕ ಚೌಕವಾಗಿ ಒಡೆದು ನಿಂತಿತು. ಟೈಲರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಗಳು ತುಟಿ ಬಿಚ್ಚದೆ ನಿಂತಿದ್ದಳು. ಮೇಲ್ತುಟಿಯ ಒಳಗೆ ನಾಲಿಗೆ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದದ್ದು ಹೊರಗಿನಿಂದ ಕಾಣುತ್ತಿತ್ತು.