ಏಳನೆಯ ಬೋಲ್ಟು

ಏಳನೆಯ ಬೋಲ್ಟು ಸದ್ದು ಮಾಡಲಿಲ್ಲ.

ಹತ್ತನೆಯದರಿಂದ ಹಿಂದಕ್ಕೆ ಬಿಚ್ಚುತ್ತ ಬಂದಾಗ, ಅದಕ್ಕೆ ಮೊದಲಿನ ಮೂರೂ ಸದ್ದು ಮಾಡಿದ್ದವು. ಪಾನಾದ ಹಿಡಿಗೆ ಎರಡಡಿಯ ಕೊಳವೆ ತೊಡಿಸಿ, ಮೈಭಾರವನ್ನೆಲ್ಲ ಹಾಕಿ ಎಳೆದ ಮೇಲೆ, ಒಂದೊಂದೂ ಟಕ್ಕೆಂದು ಸಡಿಲಾಗಿತ್ತು. ಮೇಸ್ತ್ರಿ ಏಳನೆಯದಕ್ಕೂ ಅಷ್ಟೇ ಬಲ ಹಾಕಿದ. ಎಳೆದ ರಭಸಕ್ಕೆ ಪಾನಾ ಬರಿದೆ ತಿರುಗಿ, ಅವನ ಬೆರಳ ಗೆಣ್ಣುಗಳು ಮಗಳ ಕಾರಿನ ಎಂಜಿನ್ನಿನ ಅಂಚಿಗೆ ಬಡಿದವು. ಉಳಿದ ಸುತ್ತುಗಳನ್ನು ಬೆರಳಿನಿಂದಲೇ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ.

ಹೆಂಡತಿ ಷೆಡ್ಡಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಳು. ತೊಡೆಯ ಮೇಲೆ ಚಪ್ಪಲಿ ಡಬ್ಬಿಯ ರಟ್ಟಿನ ಮುಚ್ಚಳ. ಅದರಲ್ಲಿ ಹತ್ತು ತೂತು ಕೊರೆದು, ಪ್ರತಿಯೊಂದಕ್ಕೂ ಅಂಕಿ ಬರೆದಿದ್ದಳು. ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳ ಅಂಕಿಗಳು. ಒಂದೂ ಗೆರೆ ತಪ್ಪಿರಲಿಲ್ಲ. ಬೋಲ್ಟನ್ನು ಅದರ ತೂತಿಗೆ ಚುಚ್ಚಿ, ಪೆನ್ಸಿಲಿನಲ್ಲಿ ಪಕ್ಕಕ್ಕೆ ಏನೋ ಬರೆದಳು.

"ಇದು ಬೇಗ ಬಂತು," ಎಂದಳು.

"ಹ್ಞೂಂ."

"ಉಳಿದವೂ ಹೀಗೇ ಬಂದ್ರೆ ಊಟಕ್ಕೆ ಮುಂಚೆ ಮುಗಿಯುತ್ತೆ."

ಉಳಿದವು ಹಾಗೆ ಬರಲಿಲ್ಲ. ಆರೂ ಒಂದೊಂದಾಗಿ ಟಕ್ಕೆಂದವು. ಒಂದನೆಯದು ಬಿಚ್ಚುವಷ್ಟರಲ್ಲಿ ಮೇಸ್ತ್ರಿ ಎರಡು ಸಲ ಗೋಡೆಗೆ ಒರಗಿ ನಿಂತು ಸುಧಾರಿಸಿಕೊಂಡ. ಅರವತ್ತೆಂಟು ವರ್ಷದ ಸೊಂಟ ಅದು. ಬಗ್ಗಲು ಒಪ್ಪುತ್ತಿತ್ತು, ಏಳಲು ತಕರಾರು ಮಾಡುತ್ತಿತ್ತು.

ಗಂಡಹೆಂಡತಿ ಸೇರಿ ಎಂಜಿನ್ನಿನ ತಲೆಮುಚ್ಚಳವಾದ ಹೆಡ್ಡನ್ನು ಎತ್ತಿ, ಗೋಣಿಚೀಲದ ಮೇಲೆ ಇಳಿಸಿದರು. ಕೆಳಗೆ, ನೀರೂ ಹೊಗೆಯೂ ಸೋರದಂತೆ ತಡೆಯುವ ತೆಳು ಹಾಳೆ, ಗ್ಯಾಸ್ಕೆಟ್, ಕಾಣಿಸಿತು. ನಾಲ್ಕು ತಿಂಗಳ ಹಿಂದೆ ಅವನೇ ಕೂರಿಸಿದ್ದ ಗ್ಯಾಸ್ಕೆಟ್. ಎಲ್ಲ ಕಡೆ ಸರಿಯಾಗಿತ್ತು. ಏಳನೆಯ ಬೋಲ್ಟಿನ ಪಕ್ಕದಲ್ಲಿ ಮಾತ್ರ, ಸಿಲಿಂಡರಿನಿಂದ ನೀರಿನ ದಾರಿಯವರೆಗೆ, ಬೆರಳುದ್ದ ಸುಟ್ಟು ಕರಿ ಗೀರು ಬಿದ್ದಿತ್ತು. ನೀರು ಎಂಜಿನ್ನಿಗೆ ಇಳಿದದ್ದು, ಹಿಂದಿನ ಕೊಳವೆಯಲ್ಲಿ ಬಿಳಿ ಹೊಗೆ ಬಂದದ್ದು ಆ ದಾರಿಯಲ್ಲೇ. ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ನೇರಕ್ಕೂ ಓರೆಗೂ ಇಟ್ಟು, ಕೂದಲಿನಷ್ಟು ತೆಳುವಾದ ತಗಡನ್ನು ಅಡಿಗೆ ತೂರಿಸಲು ನೋಡಿದ. ಎಲ್ಲಿಯೂ ಹೋಗಲಿಲ್ಲ. ಹೆಡ್ಡು ಸೊಟ್ಟಗಾಗಿರಲಿಲ್ಲ. ಗ್ಯಾಸ್ಕೆಟ್ ಕಳಪೆಯಾಗಿರಲಿಲ್ಲ. ಇನ್ನು ಉಳಿದದ್ದು ಅವನ ಕೈ ಒಂದೇ.

ಮೇಸ್ತ್ರಿ ಬಸ್ ಡಿಪೋದಲ್ಲಿ ಇಪ್ಪತ್ತೊಂಬತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಒಂದರಿಂದ ಹತ್ತರವರೆಗೆ, ಮೂರು ಸುತ್ತಿನಲ್ಲಿ ಬಿಗಿಯಬೇಕು: ಅಳತೆ ಮುಟ್ಟಿದಾಗ ಕಟಕ್ಕೆನ್ನುವ ಟಾರ್ಕ್ ರೆಂಚಿನಲ್ಲಿ ಮೊದಲು ಮೂವತ್ತಕ್ಕೆ, ಆಮೇಲೆ ಐವತ್ತಕ್ಕೆ, ಕೊನೆಗೆ ಎಪ್ಪತ್ತಕ್ಕೆ. ಒಟ್ಟು ಮೂವತ್ತು ಬಿಗಿತ. ಡಿಪೋದಲ್ಲಿ ಇದನ್ನು ಒಬ್ಬನೇ ಮಾಡುವಂತಿರಲಿಲ್ಲ. ಒಬ್ಬ ಅಂಕಿ ಕೂಗಬೇಕು. ಬಿಗಿಯುವವನು ಬಿಗಿದು, ಅದೇ ಅಂಕಿಯನ್ನು ತಿರುಗಿ ಹೇಳಬೇಕು. ಆಗ ಕೂಗಿದವನು ಬೋಲ್ಟಿನ ತಲೆಗೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಹತ್ತು ಮುಗಿಯುವವರೆಗೆ ಯಾರು ಬಂದರೂ ಕೈ ಎತ್ತಬಾರದು. ಒಮ್ಮೆ ಮ್ಯಾನೇಜರ್ ಬೈಯಲು ಬಂದವರು ಹತ್ತು ಮುಗಿಯುವವರೆಗೆ ಕಾದು, ಏನು ಬೈಯಬೇಕೆಂಬುದನ್ನೇ ಮರೆತು ಹೋಗಿದ್ದರು. ಮೇಸ್ತ್ರಿಗೆ ಆ ಇಪ್ಪತ್ತೊಂಬತ್ತು ವರ್ಷವೂ ಅಂಕಿ ಕೂಗಿದವನು ಒಬ್ಬನೇ. ದನಿಯ ದೆಸೆಯಿಂದ ಡಿಪೋದವರು ಅವನನ್ನು ಸೈರನ್ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅವನು ಎರಡು ಬೀದಿ ಆಚೆ ಬಿಡಿಭಾಗಗಳ ಅಂಗಡಿ ಇಟ್ಟ. ಗ್ಯಾಸ್ಕೆಟ್ ಕೊಟ್ಟವನು ಅವನೇ.

ನಾಲ್ಕು ತಿಂಗಳ ಹಿಂದೆ ಹೆಂಡತಿ ಜ್ವರದಿಂದ ಮಲಗಿದ್ದಳು. ಮೇಸ್ತ್ರಿ ಒಬ್ಬನೇ ಕೂಗಿಕೊಂಡು ಒಬ್ಬನೇ ಬಿಗಿದಿದ್ದ. ಕರಿ ಗೀರನ್ನು ನೋಡುತ್ತಿದ್ದಂತೆ ಅವನಿಗೆ ಈಗ ನೆನಪಾಯಿತು: ಕೊನೆಯ ಸುತ್ತಿನಲ್ಲಿ ಅಂಚೆಯವನು ಬಂದಿದ್ದ. ರುಜು ಹಾಕಬೇಕಾಗಿತ್ತು. ಅಂಚೆಯವನ ಪೆನ್ನಿಗೆ ಗ್ರೀಸ್ ಮೆತ್ತಿ, ಅವನು ಗೊಣಗಿಕೊಂಡು ಹೋಗಿದ್ದ. ಮೇಸ್ತ್ರಿ ಹಿಂದಿರುಗಿ ಬಂದು, ಏಳನ್ನು ಬಿಟ್ಟು, ಎಂಟರಿಂದ ಶುರುಮಾಡಿರಬೇಕು. ಐವತ್ತಕ್ಕೇ ನಿಂತ ಏಳನೆಯ ಬೋಲ್ಟು ನಾಲ್ಕು ತಿಂಗಳ ಕಾವಿಗೂ ತಂಪಿಗೂ ಹಿಗ್ಗಿ ಕುಗ್ಗಿ, ಇದ್ದ ಬಿಗಿಯನ್ನೂ ಕಳೆದುಕೊಂಡಿತ್ತು.

ಮೊನ್ನೆ ಗುರುವಾರ ಬಿಳಿ ಹೊಗೆ ಕಂಡ ಕೂಡಲೇ ಅವನು ಎಂಜಿನ್ ಬಿಚ್ಚಿ ನೋಡಲಿಲ್ಲ. ನೆಟ್ಟಗೆ ಸೈರನ್‌ನ ಅಂಗಡಿಗೆ ಹೋಗಿ, ನಾಲ್ಕು ಗಿರಾಕಿಗಳ ಎದುರು, "ಜೊತೆಗಾರನಿಗೇ ನಕಲಿ ಮಾಲು ಕೊಟ್ಟೆಯಲ್ಲಯ್ಯ," ಎಂದಿದ್ದ. ಸೈರನ್ ದನಿ ಏರಿಸಲಿಲ್ಲ. "ಬಿಚ್ಚಿ ನೋಡು. ಆಮೇಲೆ ಮಾತಾಡು," ಎಂದು ಹೊಸ ಗ್ಯಾಸ್ಕೆಟ್ ಒಂದನ್ನು ಮುಂದೆ ತಳ್ಳಿ, ಮುಂದಿನ ಗಿರಾಕಿಯ ಕಡೆ ತಿರುಗಿದ್ದ.

ಮನೆಯಲ್ಲಿ ಮಗಳೂ ತನ್ನ ಮಾತು ಹೇಳಿಯಾಗಿತ್ತು. ಅವಳು ನರ್ಸು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು ಕಟ್ಟುವವಳು. ಕಾರಿನಲ್ಲಿ ದಿನಕ್ಕೆ ಆರು ಮನೆ. ಬಸ್ಸಿನಲ್ಲಿ ನಾಲ್ಕೇ ಆಗುತ್ತಿದ್ದವು. "ಅಪ್ಪ, ಸೋಮವಾರದೊಳಗೆ ಆದ್ರೆ ಮಾಡಿ. ಈ ಸಲವೂ ಕೈಕೊಟ್ರೆ ಕಾರು ಗ್ಯಾರೇಜಿಗೆ, ನಿಮ್ಮ ಟೂಲ್ ಬಾಕ್ಸ್ ಗುಜರಿಗೆ," ಎಂದಿದ್ದಳು. ಸೈರನ್‌ನ ಮಾಲು ಸರಿಯಿಲ್ಲವೆಂದು ಮೇಸ್ತ್ರಿ ಅವಳಿಗೂ ಹೇಳಿದ್ದ.

ಹೆಂಡತಿಯ ತೊಡೆಯ ಮೇಲಿದ್ದ ರಟ್ಟನ್ನು ಅವನು ಬಗ್ಗಿ ನೋಡಿದ. ಏಳರ ಪಕ್ಕದಲ್ಲಿ 'ಸಡಿಲ' ಎಂದು ಬರೆದಿತ್ತು.

"ಅದನ್ನ್ಯಾಕೆ ಬರೆದೆ?"

"ಇದ್ದದ್ದನ್ನ ಬರೆದೆ."

"ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳಿಲ್ಲ. ರಬ್ಬರ್ ಒಳಗಿದೆ, ಬೇಕಾದ್ರೆ ತಂದು ಅಳಿಸಿ. ನಾನು ಎದ್ದು ತಂದುಕೊಡಲ್ಲ ಅಷ್ಟೆ. ಮಂಡಿ ನೋಯುತ್ತೆ."

ಮೇಸ್ತ್ರಿ ಗೆಣ್ಣಿನ ರಕ್ತವನ್ನು ಒರಸುಬಟ್ಟೆಯಿಂದ ಒರಸಿಕೊಂಡ. ಹಳೆಯ ಗ್ಯಾಸ್ಕೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಅದನ್ನು ನಾಲ್ಕಾಗಿ ಮಡಚಿ ಕಸಕ್ಕೆ ಹಾಕಿದರೆ, ಹತ್ತು ಬೋಲ್ಟುಗಳನ್ನೂ ಒಂದೇ ಡಬ್ಬಿಗೆ ಸುರಿದು ಸೀಮೆಎಣ್ಣೆಯಲ್ಲಿ ತೊಳೆದರೆ, ಯಾವುದು ಏಳನೆಯದೆಂದು ಹೇಳಬಲ್ಲವರು ಯಾರೂ ಉಳಿಯುತ್ತಿರಲಿಲ್ಲ. ಹೆಂಡತಿ ತಾನಾಗಿ ಯಾರ ಮುಂದೆಯೂ ಹೇಳುವವಳಲ್ಲ. ನಲವತ್ತು ವರ್ಷ ಅವನನ್ನು ಸುಮ್ಮನೆ ನೋಡಿಕೊಂಡು ಬಂದವಳು; ಇನ್ನಷ್ಟು ವರ್ಷವೂ ಹಾಗೆಯೇ ನೋಡುತ್ತಿದ್ದಳು.

"ಆ ರಟ್ಟು ಕೊಡು ಇಲ್ಲಿ," ಎಂದ.

"ಬೋಲ್ಟು ತೆಗೀಲಾ?"

"ಬೇಡ. ಇರಲಿ."

ಅಂಗಡಿಗೆ ಇನ್ನೂರು ಹೆಜ್ಜೆ. ರಟ್ಟನ್ನು ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು, ಬೋಲ್ಟುಗಳು ಅಲುಗದಂತೆ ನಡೆದ. ಹಳೆಯ ಗ್ಯಾಸ್ಕೆಟ್ ಕಂಕುಳಲ್ಲಿತ್ತು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಸೈರನ್ ಒಬ್ಬನಿಗೆ ಫ್ಯಾನ್ ಬೆಲ್ಟ್ ಹುಡುಕುತ್ತಿದ್ದವನು ತಲೆ ಎತ್ತಿ, ಮತ್ತೆ ಹುಡುಕತೊಡಗಿದ. ಮೇಸ್ತ್ರಿ ರಟ್ಟನ್ನು ಗಲ್ಲಾದ ಮೇಜಿನ ಮೇಲಿಟ್ಟ.

"ಮಾಲು ಸರಿಯಿತ್ತು," ಎಂದ. ಮೂವರಿಗೂ ಕೇಳಿಸುವಷ್ಟು ದನಿ ಮಾಡಿದ. "ತಪ್ಪು ನಂದು. ಏಳನ್ನ ಬಿಟ್ಟಿದ್ದೆ."

ಸೈರನ್ ಬೆಲ್ಟನ್ನು ಗಿರಾಕಿಗೆ ಕೊಟ್ಟ. ಕನ್ನಡಕವನ್ನು ಹಣೆಯಿಂದ ಇಳಿಸಿ ರಟ್ಟನ್ನು ಓದಿದ. ಗ್ಯಾಸ್ಕೆಟ್ಟಿನ ಕರಿ ಗೀರಿನ ಮೇಲೆ ಹೆಬ್ಬೆರಳು ಆಡಿಸಿದ.

"ಯಾರು ಕೂಗಿದ್ದು?"

"ಯಾರೂ ಇಲ್ಲ."

"ಎರಡು ಬೀದಿ ಈಚೆ ನಾನು ಬದುಕೇ ಇದ್ದೆ."

"ಗೊತ್ತು."

"ಆವತ್ತು ಇದ್ದ ನಾಲ್ಕು ಜನ ಇವರಲ್ಲ."

"ಅವರು ಎಲ್ಲಿರ್ತಾರೆ ಹೇಳು. ಹೋಗಿ ಹೇಳಿ ಬರ್ತೀನಿ."

"ಇಬ್ಬರು ಲಾರಿ ಡ್ರೈವರ್‌ಗಳು. ಒಬ್ಬ ಅಂತೂ ಮೂರು ತಿಂಗಳಿಗೊಮ್ಮೆ ಈ ಕಡೆ ಬರೋನು. ಎಲ್ಲಿ ಅಂತ ಹೋಗ್ತೀಯ?" ಸೈರನ್ ರಟ್ಟನ್ನು ಹಿಂದಕ್ಕೆ ತಳ್ಳಿದ. "ಅವರ ಪಾಲಿಗೆ ನಾನು ನಕಲಿ ಮಾಲಿನವನೇ."

ಮೇಸ್ತ್ರಿ ಓರೆಯಾದ ಬೋಲ್ಟೊಂದನ್ನು ನೆಟ್ಟಗೆ ಮಾಡಿ ರಟ್ಟನ್ನು ಎತ್ತಿಕೊಂಡ.

"ನಾಳೆ ಹೆಡ್ಡು ಕೂರಿಸ್ತೀನಿ," ಎಂದ. "ಹತ್ತು ಗಂಟೆಗೆ."

"ನಾಳೆ ಅಂಗಡಿ ತೆಗೆದಿರುತ್ತೆ," ಎಂದ ಸೈರನ್. ಗಿರಾಕಿಯೊಬ್ಬ ಬ್ರೇಕ್ ಎಣ್ಣೆ ಕೇಳಿದ. ಅವನು ಏಣಿ ಹತ್ತಿದ.

ಸಂಜೆ ಮಗಳಿಗೂ ಹೇಳಿದ. ಅವಳು ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕುಳಿತಿದ್ದಳು. ಪೂರ್ತಿ ಕೇಳಿ, "ಸೋಮವಾರಕ್ಕೆ ಆಗುತ್ತಾ ಅಪ್ಪ?" ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ಹತ್ತಾಯಿತು. ಹತ್ತೂಕಾಲಾಯಿತು. ಹೊಸ ಗ್ಯಾಸ್ಕೆಟ್ ಕೂರಿಸಿ, ಹೆಡ್ಡನ್ನು ಅದರ ಮೇಲಿಟ್ಟು, ಹತ್ತೂ ಬೋಲ್ಟುಗಳನ್ನು ಬೆರಳಿನಲ್ಲಿ ತಿರುಗಿಸಿಯಾಗಿತ್ತು. ಹೆಂಡತಿ ಮಣೆಯ ಮೇಲೆ ಕುಳಿತು, "ನಾನೇ ಕೂಗ್ಲಾ? ನನಗೂ ಹತ್ತರವರೆಗೆ ಬರುತ್ತೆ," ಎಂದಳು.

ಮೇಸ್ತ್ರಿ ಟಾರ್ಕ್ ರೆಂಚಿನ ಅಂಕಿಯನ್ನು ಮೂವತ್ತಕ್ಕೆ ತಿರುಗಿಸಿದ. ಹೂಂ ಎನ್ನುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಸೈರನ್ ಷೆಡ್ಡಿನೊಳಗೆ ಬಂದು, ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು, ಕಾರಿನ ಎಡಕ್ಕೆ, ಡಿಪೋದಲ್ಲಿ ನಿಲ್ಲುತ್ತಿದ್ದ ಕಡೆಗೇ ನಿಂತ. ಹೆಂಡತಿ ಎದ್ದು ಮಣೆಯನ್ನು ಅವನ ಕಡೆ ಸರಿಸಿ ಒಳಗೆ ಹೋದಳು. ಅವನು ಕೂರಲಿಲ್ಲ.

"ಒಂದು," ಎಂದ. ದನಿ ಹಿಂದಿನಂತಿರಲಿಲ್ಲ. ಅರ್ಧದಲ್ಲಿ ಕೆಮ್ಮು ಬಂತು.

ರೆಂಚು ಕಟಕ್ಕೆಂದಿತು. "ಒಂದು," ಎಂದ ಮೇಸ್ತ್ರಿ.

ಮೊದಲ ಸುತ್ತು ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯ ಸುತ್ತಿಗೆ ಮೇಸ್ತ್ರಿ ರೆಂಚನ್ನು ಎಪ್ಪತ್ತಕ್ಕೆ ತಿರುಗಿಸಿದ. ಪ್ರತಿ ಬೋಲ್ಟಿಗೂ ಒಂದು ಕಾಲನ್ನು ಗೋಡೆಗೆ ಒತ್ತಿ, ಉಸಿರು ಹಿಡಿದು ಎಳೆಯಬೇಕಾಗುತ್ತಿತ್ತು. ಸೈರನ್ ಅವಸರ ಮಾಡಲಿಲ್ಲ.

"ಆರು."

"ಆರು."

ಗೆರೆ ಬಿತ್ತು. ಆಗ ಸೈರನ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬೀಗ ಹಾಕಿದ ಅಂಗಡಿಯ ಮುಂದೆ ಯಾರೋ ನಿಂತಿರಬೇಕು. ಅವನು ಸೀಮೆಸುಣ್ಣದ ಕೈಯನ್ನು ಜೇಬಿನ ಮೇಲೆ ಒತ್ತಿ ಹಿಡಿದ. ಮೇಸ್ತ್ರಿ ರೆಂಚಿನಿಂದ ಕೈ ಎತ್ತಲಿಲ್ಲ.

"ಏಳು," ಎಂದ ಸೈರನ್.

ಕಟಕ್ಕೆನ್ನಲು ಬಹಳ ಹೊತ್ತು ಹಿಡಿಯಿತು.

"ಏಳು."

ಸೈರನ್ ಬಗ್ಗಿ ಮೂರನೆಯ ಗೆರೆ ಎಳೆದ. ಫೋನು ಅಷ್ಟರಲ್ಲಿ ಸುಮ್ಮನಾಗಿತ್ತು. ಅವನ ನೀಲಿ ಅಂಗಿಯ ಜೇಬಿನ ಮೇಲೆ ನಾಲ್ಕು ಬೆರಳಿನ ಬಿಳಿ ಗುರುತು ಉಳಿದಿತ್ತು.

"ಎಂಟು," ಎಂದ.