ಕೌದಿ ಹೊದ್ದ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ತೊಡೆಯ ಮೇಲೆ ಕೂತು ಮುದ್ದು ಮಾಡಿಸಿಕೊಳ್ಳುವ ತೆಳ್ಳನೆಯ ಪೈಕಿ ಅಲ್ಲ. ಮೇಜಿನ ಕೆಳಗೆ ನೆಲದ ಮೇಲೆ ಕೂರುವ ಕಪ್ಪು ಡಬ್ಬ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಎಲ್ಲೆಲ್ಲಿಯದೋ ಭಾಗಗಳನ್ನು ತಂದು, ಸ್ಕ್ರೂ ಬಿಗಿದು ನನ್ನನ್ನು ಜೋಡಿಸಿದರು. ಹೇಳಿಕೊಳ್ಳುವಂಥ ಕಂಪನಿಯ ಹೆಸರೇನೂ ನನಗಿಲ್ಲ. ನೆಲದಲ್ಲೇ ಕೂತು ಕೂತು ಜನರ ಮುಖಕ್ಕಿಂತ ಪಾದದ ಪರಿಚಯವೇ ನನಗೆ ಹೆಚ್ಚು.

ಮೊದಲು ಗದಗಿನ ಒಂದು ಖಾಸಗಿ ಕಚೇರಿಗೆ ಹೋದೆ. ಅಲ್ಲಿ ಎಲ್ಲಿ ನೋಡಿದರೂ ಬೂಟು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆದರೆ ನನ್ನೊಳಗಿನ ಸಿಸ್ಟಮ್ ವರ್ಷ ವರ್ಷಕ್ಕೂ ಮೈ ಬೆಳೆಸುತ್ತ ಹೋಯಿತು, ನನ್ನ ಶಕ್ತಿ ಇದ್ದಷ್ಟೇ ಇತ್ತು. ನಾನು ಒಂದು ಕಡತ ತೆರೆಯುವಷ್ಟರಲ್ಲಿ ಸಾಹೇಬರ ಚಹಾ ಆರಿರುತ್ತಿತ್ತು. ಕೊನೆಗೆ ‘ಕೆಟ್ಟುಹೋಗಿದೆ’ ಎಂದು ಮೆಟ್ಟಿಲ ಕೆಳಗೆ ತಳ್ಳಿದರು. ಮುದುಕ ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕೆಟ್ಟಿದೆ ಎಂದದ್ದಕ್ಕೆ ಇವತ್ತಿಗೂ ನನಗೆ ಸಿಟ್ಟಿದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ಕಂಪ್ಯೂಟರ್ ಕ್ಲಾಸ್ ನಡೆಸುವ ಇಮಾಮಸಾಬ ಮಾಸ್ತರು. ಧೂಳು ಊದಿ, ಹಳೆಯದನ್ನೆಲ್ಲ ಅಳಿಸಿ, ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿದರು. ಅದು ದೇಶ ದೇಶಗಳ ಜನ ಕೂಡಿ ಬರೆದದ್ದಂತೆ; ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಅಕ್ಷರ ಜೋಡಿಸಲು, ಚಿತ್ರ ಬರೆಯಲು ಬೇಕಾದ್ದೆಲ್ಲ ಪುಕ್ಕಟೆ ಬಂತು. ಮೈ ಹಗುರವಾಯಿತು. ನನ್ನೊಳಗೆ ಇಷ್ಟು ಚುರುಕುತನ ಉಳಿದಿತ್ತೆಂದು ನನಗೇ ಗೊತ್ತಿರಲಿಲ್ಲ.

ಮಾಸ್ತರು ನನ್ನನ್ನು ಬೆಟಗೇರಿಯಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿನಿ ಮಹಾನಂದಾಳಿಗೆ ಕೊಟ್ಟರು. ಲಗ್ನಪತ್ರಿಕೆಗಳ ಅಕ್ಷರ ಜೋಡಿಸುವುದು ಅವಳ ಕಸುಬು. ಮಗಳು ಹುಟ್ಟಿದ ಮೇಲೆ ಪ್ರೆಸ್ಸಿಗೆ ಹೋಗುವುದು ನಿಂತಿತ್ತು. ಮನೆಯಲ್ಲೇ ಮಾಡಿಕೊಡುವುದಾದರೆ ಈ ಸೀಜನ್ನಿಗೆ ಒಮ್ಮೆ ನೋಡೋಣ ಎಂದು ಪ್ರೆಸ್ಸಿನವರು ಹೇಳಿದ್ದರು. ನಾನು ನಡೆದರೆ ಅವಳ ಕಸುಬು ಉಳಿಯುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು.

ಅವಳ ಗಂಡ ಶೇಖಪ್ಪನವರದು ಹಿಟ್ಟಿನ ಗಿರಣಿ, ಮನೆಗೆ ಹತ್ತಿಕೊಂಡೇ ಇತ್ತು. ಮನೆಯ ತುಂಬ ಹಿಟ್ಟಿನ ಧೂಳು. ಅದು ನನ್ನ ಮೇಲೆ ಕೂರುವುದು ಅತ್ತೆ ಸಾವಂತ್ರೆವ್ವನವರಿಗೆ ಸರಿಬರಲಿಲ್ಲ. ಮನೆಗೆ ಹೊಸ ಕೂಸು ಬಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಕೌದಿ ಹೊಲಿಯುವುದು ಆ ಕಡೆಯ ರೂಢಿ. ನನಗೂ ಒಂದು ಹೊಲಿದರು. ಇಳಕಲ್ ಸೀರೆಯ ತುಂಡು, ಅಂಚಿಗೆ ಕೆಂಪು ತ್ರಿಕೋನ. ಹುಟ್ಟಿದಾಗಿನಿಂದ ನನಗಾಗಿ ಯಾರೂ ಏನನ್ನೂ ಹೊಲಿದಿರಲಿಲ್ಲ. ನಾನು ಉಬ್ಬಿಹೋದೆ.

ತೊಂದರೆ ಶುರುವಾದದ್ದೂ ಆಗಲೇ. ಅರ್ಧ ಪತ್ರಿಕೆ ಆಗುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು ಆರಿಬಿಡುತ್ತಿದ್ದೆ. ಮಹಾನಂದಾ ಮತ್ತೆ ಹಚ್ಚುವಳು, ನಾನು ಮತ್ತೆ ಆರುವೆ. ಅವಳ ಲಕ್ಷ್ಯವೆಲ್ಲ ಮೇಜಿನ ಮೇಲಿನ ಪರದೆಯ ಮೇಲೆ. ಕೆಳಗೆ ನಾನು ಕೌದಿಯೊಳಗೆ ಬೇಯುತ್ತಿದ್ದುದು ಅವಳಿಗೆ ಹೊಳೆಯಲಿಲ್ಲ. ಮಾಸ್ತರಿಗೆ ಹೇಳಿ ಕಳಿಸಿದಳು. ಹೊರಗಿನವರು ಬರುತ್ತಾರೆಂದು ಸಾವಂತ್ರೆವ್ವ ಹಿಟ್ಟು ಮೆತ್ತಿದ ಕೌದಿಯನ್ನು ಮಡಚಿ ಟ್ರಂಕಿನಲ್ಲಿಟ್ಟರು. ನಾನು ಒಂದು ಕ್ಷಣವೂ ನಿಲ್ಲದೆ ಓಡಿದೆ! ಮಾಸ್ತರು ತಲೆ ಕೆರೆದುಕೊಂಡು, ಚಹಾ ಕುಡಿದು ಹೋದರು. ಕೌದಿ ಮತ್ತೆ ಬಂತು. ಬಾಯಿದ್ದಿದ್ದರೆ ಹೇಳುತ್ತಿದ್ದೆ.

“ಪುಕ್ಕಟೆ ಸಿಸ್ಟಮ್ ಅಂದ್ರ ಹಿಂಗs,” ಎಂದರು ಶೇಖಪ್ಪನವರು. “ಮುಂಜಾನೆ ಗುಜರಿಯಾಂವಗ ಕೊಟ್ಟಬಿಡೂಣು.”

“ನಾಳೆ ಪ್ರೆಸ್ಸಿಗೆ ಪತ್ರಿಕೆ ಕೊಡಬೇಕ್ರಿ. ಅದನ್ನ ಕೊಡಲಿಲ್ಲಂದ್ರ ಅವರು ನನ್ನ ಮತ್ತ ಕರಿಯೂದಿಲ್ಲ,” ಎಂದಳು ಮಹಾನಂದಾ.

ಬೆಳಗಾಯಿತು. ಮಹಾನಂದಾ ಎದ್ದವಳೇ ಮತ್ತೆ ಕೂತಿದ್ದಳು, ನಾನು ಮತ್ತೆ ಆರಿದ್ದೆ. ಬಾಗಿಲಲ್ಲಿ ಗುಜರಿಯ ಗಾಡಿ ನಿಂತಿತ್ತು. ನನ್ನ ಜೊತೆ ಕೌದಿಯೂ ಹೋಗಬಾರದೆಂದು ಸಾವಂತ್ರೆವ್ವ ಅದನ್ನು ತೆಗೆಯಲು ಬಗ್ಗಿದರು. ಕೈ ನನ್ನ ಮೈಗೆ ತಾಕಿತು.

“ಅಯ್ಯ ಶಿವನ! ಮೈ ಹಂಚಿನಂಗ ಕಾದೇತಿ! ಲೇ ಶೇಖಪ್ಪಾ, ನಾನs ಕೂಸಿನ ಉಸುರು ಕಟ್ಟಿಸೀನಲ್ಲೋ!”

ಕೌದಿ ಎಳೆದೊಗೆದು, ನೆಲದ ಮೇಲೆ ಕೂತು, ಮೊರದಿಂದ ನನಗೆ ಗಾಳಿ ಹಾಕತೊಡಗಿದರು. ಮಹಾನಂದಾ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಗಾಳಿ ತಾಕಿದಾಗ ನನಗೆ ಬದುಕುವ ಆಸೆ ಎಷ್ಟಿದೆ ಎಂಬುದು ತಿಳಿಯಿತು. ಗುಜರಿಯವನು ಹಳೆಯ ಎಣ್ಣೆ ಡಬ್ಬಿಯಷ್ಟನ್ನೇ ಒಯ್ದ. ಪತ್ರಿಕೆ ಮಧ್ಯಾಹ್ನದೊಳಗೆ ಪ್ರೆಸ್ಸು ಸೇರಿತು.

ಈಗ ನನಗೆ ವಯಸ್ಸಾಗಿದೆ. ಒಳಗಿನ ಫ್ಯಾನು ಗೊರಗುಟ್ಟುತ್ತದೆ, ಒಂದು ಬದಿಯ ತಗಡು ಬಿಗಿಯಾಗಿ ಕೂರುವುದಿಲ್ಲ. ಬೆಟಗೇರಿಯ ಎಷ್ಟೋ ಲಗ್ನ, ಸೀಮಂತ, ಗೃಹಪ್ರವೇಶಗಳು ಮೊದಲು ನನ್ನೊಳಗೇ ನಡೆದವು. ಯಾವ ಊಟಕ್ಕೂ ನನ್ನನ್ನು ಕರೆಯಲಿಲ್ಲ, ಬೇಜಾರಿಲ್ಲ. ಮಹಾನಂದಾಳ ಮನೆಯ ಮುಂದೆ ಪತ್ರಿಕೆ ಮಾಡಿಸಲು ಬಂದವರ ಚಪ್ಪಲಿಗಳು ಸಾಲುಗಟ್ಟುವುದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ.

ಮೊನ್ನೆ ಹಿಟ್ಟು ಮೆತ್ತಿದ ಎರಡು ಪಾದಗಳು ಮೇಜಿನ ಬಳಿ ಬಂದು ನಿಂತವು. ಶೇಖಪ್ಪನವರು.

“ಗಿರಣಿಗೆ ಒಂದ ಚಲೋ ಬೋರ್ಡ್ ಬೇಕಾಗಿತ್ತು. ನೀನs ಮಾಡಿಕೊಡ್ತೀಯೇನು?”

ಮಹಾನಂದಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಪಾಳಿ ಹಚ್ರಿ. ನಿಮಗಿಂತ ಮೊದಲ ಬಂದಾವ್ರು ಅದಾರ.”

ಗಿರಣಿಗೆ ಬಂದವರಿಗೆಲ್ಲ ಅವರು ದಿನವೂ ಹೇಳುವ ಮಾತೇ ಅದು. ಈಗ ಗಲಾಟೆಯಾಗುತ್ತದೆ ಎಂದುಕೊಂಡೆ. ಅವರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ಪಾಳಿ ಬರುವತನಕ ಏಳಲಿಲ್ಲ.